ಖಾಲಿ ಇರಬೇಕಾದ ಕೊಳವೆ

ಮಡಗಾಂವ್ ಮಾರುಕಟ್ಟೆಯಿಂದ ತಂದ ಇಪ್ಪತ್ತೆರಡು ತುಂಡು,
ಎಲ್ಲವೂ ಇಸ್ವಣವೆಂದೇ ಬಿಲ್ಲು.
ತಲೆಯಿಲ್ಲ, ಬಾಲವಿಲ್ಲ, ಚರ್ಮ ಸುಲಿದದ್ದು.
ಮುಖ ಹೋದ ಮೇಲೆಯೇ ಮೀನು
ನಮ್ಮ ಹತ್ತಿರ ಬರುವುದು,
ದೋನಾಪಾವ್ಲದ ಈ ಎರಡನೇ ಮಹಡಿಗೆ.

ಅಕ್ಕಿಕಾಳಿನಷ್ಟು ಮಾಂಸ ಸಾಕು.
ಅರೆದು, ತೊಳೆದು, ಎಳೆ ಬೇರೆ ಮಾಡಿ
ಪುಟ್ಟ ಕೊಳವೆಯಲ್ಲಿಟ್ಟು ಯಂತ್ರದ ಮುಚ್ಚಳ ಹಾಕಿದರೆ
ತೊಂಬತ್ತೈದಕ್ಕೆ ಜೋಡಿ ಬಿಡುತ್ತದೆ,
ಐವತ್ತೆರಡಕ್ಕೆ ಪ್ರೈಮರು ತನ್ನ ಜಾಗ ಹುಡುಕಿ ಕೂರುತ್ತದೆ,
ಎಪ್ಪತ್ತೆರಡಕ್ಕೆ, ಯಾವುದೋ ದೇಶದ ಬಿಸಿನೀರ ಬುಗ್ಗೆಯಲ್ಲಿ
ಕುದಿಗೆ ಹೆದರದೆ ಬದುಕಿದ ಜೀವಿಯೊಂದರ ಕಿಣ್ವ
ಬಿಟ್ಟ ಸ್ಥಳ ತುಂಬುತ್ತದೆ.
ಮತ್ತೆ ತೊಂಬತ್ತೈದು.
ಹೀಗೆ ಮೂವತ್ತೈದು ಸಲ.
ಒಂದು ಎರಡಾಗಿ, ಎರಡು ನಾಲ್ಕಾಗಿ...
ಬೈನಾದ ಕನ್ನಡ ಶಾಲೆಯಲ್ಲಿ ಮಗ್ಗಿ ತಪ್ಪಿ
ಪೆಟ್ಟು ತಿಂದವಳು ನಾನು,
ಒಂದು ದಿನ ಕೂತು ಲೆಕ್ಕ ಹಾಕಿದೆ:
ಮೂರು ಸಾವಿರದ ನಾನೂರು ಕೋಟಿ, ಮೇಲೆ ಚಿಲ್ಲರೆ.

ಇಪ್ಪತ್ಮೂರನೆಯದರಲ್ಲಿ ಗೊತ್ತಿರುವ ಮೀನು.
ಇಪ್ಪತ್ನಾಲ್ಕನೆಯದರಲ್ಲಿ ಬರೀ ನೀರು.
ಅದು ಕೊನೆಯವರೆಗೂ ಖಾಲಿ ಇರಬೇಕು.
ಅದು ಸುಮ್ಮನಿದ್ದರೆ ಮಾತ್ರ
ಉಳಿದವರ ಮಾತು ನಂಬಬಹುದು.

ಅವತ್ತು ನೀಲಿ ಬೆಳಕಿನ ಮೇಲೆ ಜೆಲ್ ಇಟ್ಟಾಗ
ನೀರಿನ ಮನೆಯಲ್ಲೂ ಒಂದು ಗೆರೆ.
ಮಸುಕು, ಆದರೆ ಇತ್ತು,
ಒರೆಸಿದ ಹಲಗೆಯಲ್ಲಿ ಉಳಿದ ಅಕ್ಷರದ ಹಾಗೆ.

ಡಾಕ್ಟರ್ ಝೆಲಿಯಾ ಬಾರೆಟೊ ಕನ್ನಡಕ ತೆಗೆದರು, ಹಾಕಿದರು.
ಇಂಗ್ಲಿಷಿನಲ್ಲಿ ಒಂದೇ ಪದ ಅಂದರು.
ನಾನು ಮನಸ್ಸಿನಲ್ಲಿ ಕನ್ನಡ ಮಾಡಿಕೊಂಡೆ: ಮೈಲಿಗೆ.
ಬೇರೆ ಪದ ಸಿಗಲಿಲ್ಲ.
ಇಲ್ಲೂ ಮಡಿ ಇದೆ. ಈ ಕೋಣೆಯ ಕೋಟು ಆ ಕೋಣೆಗಿಲ್ಲ,
ಹೆಚ್ಚಿಸಿದ್ದನ್ನು ಮುಟ್ಟಿದ ಕೈ ಹಿಂದಕ್ಕೆ ಬರುವ ಹಾಗಿಲ್ಲ.
"ಬಾಟ್ಲಿ ತೊಳೆಯೋದು ಯಾರು?"
ಎಲ್ಲರ ಕಣ್ಣೂ ಒಟ್ಟಿಗೆ ಹೋದದ್ದು ಫಕೀರವ್ವನ ಕಡೆ,
ಝುವಾರಿನಗರದಿಂದ ಬಸ್ಸು ಬದಲಿಸಿ ಬದಲಿಸಿ ಬರುವವಳು.
ನನ್ನ ಕಣ್ಣೂ.
ಅವಳ ಬಕೆಟ್ಟು ಬಾಗಿಲಾಚೆ ಉಳಿಯಿತು,
ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಅಡ್ಡಗೆರೆ, ಅಡ್ಡಗೆರೆ.

ಜೆಲ್ಲಿನ ಗೆರೆ ಕತ್ತರಿಸಿ ಹೈದರಾಬಾದಿಗೆ ಓದಲು ಕಳಿಸಿದ್ದೆವು.
ಒಂಬತ್ತನೇ ದಿನ ಉತ್ತರ ಬಂತು: ಮನುಷ್ಯ.
ಅಷ್ಟೇ. ಹೆಸರಿಲ್ಲ, ಊರಿಲ್ಲ.
ಮೀನಿಗೆಂದೇ ಮಾಡಿದ ಪ್ರೈಮರು ಒಮ್ಮೊಮ್ಮೆ
ಬೆನ್ನೆಲುಬಿದ್ದವರನ್ನೆಲ್ಲ ನೆಂಟರೆಂದುಕೊಳ್ಳುತ್ತದೆ.

ನನಗೆ ನೆನಪಿತ್ತು.
ಆ ಮಂಗಳವಾರ ಕರೆಂಟು ಹೋಗಿ ಎಸಿ ನಿಂತು
ಮಾಸ್ಕು ಗದ್ದಕ್ಕಿಳಿಸಿ
ಬಾಯಿ ಬಿಟ್ಟು ಎಣಿಸಿದ್ದೆ.
ಹನಿ ಹಾಕುವಾಗ ಕನ್ನಡದಲ್ಲೇ ಎಣಿಸಬೇಕು ನನಗೆ,
ಇಂಗ್ಲಿಷಿನಲ್ಲಾದರೆ ಕೈ ಒಂದು ಕೊಳವೆ ಜಿಗಿಯುತ್ತದೆ.
"ಇಪ್ಪತ್ನಾಲ್ಕು" ಅನ್ನುವಾಗ
ತುಟಿಯಿಂದ ಏನೋ ಹಾರಿರಬೇಕು.
ನಾವು ಓದುವ ಆ ತುಣುಕು ತಾಯಿಯ ಕಡೆಯಿಂದಷ್ಟೇ ಬರುತ್ತದೆ:
ಮುರ್ಗಾಂವ್ ಬಂದರಿನಲ್ಲಿ ಕೆಂಪು ಅದಿರು ಹೊತ್ತ ಅವ್ವನದು,
ಅವಳ ಅವ್ವನದು, ಅದರಾಚೆ ನನಗೆ ಹೆಸರು ಗೊತ್ತಿಲ್ಲ.

ಡಾಕ್ಟರಿಗೆ ಹೇಳಿದ್ದು ಹತ್ತನೇ ದಿನ.
ಅದಕ್ಕೂ ಮೊದಲು ಫಕೀರವ್ವನಿಗೆ, ಬಸ್ ಸ್ಟಾಪಿನಲ್ಲಿ.
ಚೀಲ ಕಂಕುಳಿಗೇರಿಸಿ ಕೇಳಿದಳು,
"ಹಂಗಾರ ಮಿಶನ್ನಿಗೆ ನೀ ಮೀನಾಗಿ ಕಂಡೀ?"
ನಕ್ಕಳು. ಆಮೇಲೆ ನಗಲಿಲ್ಲ.
"ಒಂಬತ್ತು ದಿನದ ಪಗಾರ ಯಾರು ಕೊಡ್ತಾರ?"

ಈಗ ಮನಸ್ಸಿನಲ್ಲೇ ಎಣಿಸುತ್ತೇನೆ, ತುಟಿ ಕಚ್ಚಿ.
ಎಲ್ಲ ಮತ್ತೆ ಮೊದಲಿಂದ ಮಾಡಿದೆವು.
ಏಳನೆಯ ತುಂಡು ಇಸ್ವಣವಲ್ಲ, ಎಳೆಯ ಸುತ್ತಿಗೆತಲೆ ಮೋರಿ.
ವರದಿ ಹೋಯಿತು.
ನಾನು ಮಾತ್ರ ಮೊದಲು ನೋಡುವುದು ಇಪ್ಪತ್ನಾಲ್ಕನೆಯ ಮನೆ.
ಕತ್ತಲು.
ಅಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾಗುವವರೆಗೆ
ದೀಪ ಆರಿಸುವುದಿಲ್ಲ.