ಬಾಬಿನ್

ಜೀನ್ಸ್ ಹೊಲಿಯೋರಿಗೆ ಇದು ಗೊತ್ತಿರ್ತೈತಿ:
ಮ್ಯಾಲಿನ ದಾರ ಓಡ್ತಿರ್ತೈತಿ, ಮೋಟಾರು ಗುಂಯ್ ಅಂತಿರ್ತೈತಿ,
ಕಾಲು ಪೆಡಲ್ ಮ್ಯಾಲ, ಕಣ್ಣು ಬಟ್ಟಿ ಮ್ಯಾಲ,
ಕೆಳಗ ಬಾಬಿನ್ ಮುಗದಿರ್ತೈತಿ.
ಮಾರುದ್ದ ಹೊಲದು ಎತ್ತಿ ನೋಡಿದ್ರ
ಬರೇ ಸೂಜಿ ತೂತು.
ಈ ಪದರ ಈ ಕಡಿ, ಆ ಪದರ ಆ ಕಡಿ.

ಮೂವತ್ತೇಳು ವರ್ಷ ನಾನು ಹಂಗ ಹೊಲದೀನಿ.

ಹಾಜರಿಯೊಳಗ ಪಂಪಾವತಿ,
ಮಾಸ್ತರ ಬಾಯಾಗ ಗಾಳಿಪಂಪು.
ಸಾಲಿ ಕಿಟಕ್ಯಾಗ ಬಳ್ಳಾರಿ ಗುಡ್ಡ, ಗುಡ್ಡದ ಮ್ಯಾಲ ಒಂದು ಹದ್ದು.
ಏಳ್ನಾಕ್ಲಿ ಇಪ್ಪತ್ತೆಂಟು ಅನ್ನೂತನಕ ನನ್ನ ಜೋಡಿ ಇದ್ದ ಮಗ್ಗಿ
ಅದರ ಬೆನ್ನು ಹತ್ತಿ ಹೋತು.

ಆಮ್ಯಾಲ ಹಾಲು ಉಕ್ಕಿದವು, ಬಕೀಟು ತುಂಬಿ ಓಣಿಗೆ ಹರಿದವು,
ಸಾಲಿ ಗೇಟಿನಾಗ ಸಿಂಚನಾ ಆರೂವರಿತನಕ ನಿಂತಳು.
ಮರುದಿನ ನನ್ನ ಮುಂಗೈ ಮ್ಯಾಲ
ಟೇಲರ್ ಚಾಕಿನ್ಯಾಗ ಅಕಿ ಬರದ್ಲು:
ನಾಕು ಗಂಟಿ. ನಾನು.
ಸುಣ್ಣದಂಥ ಅಕ್ಷರ. ಬೆವರಿಗೆ ಹನ್ನೊಂದಕ್ಕ ಹೋತು.

ಹೋದ ಯುಗಾದಿ ಮುಂದ ನೂರಾ ನಲವತ್ತು ಪ್ಯಾಂಟಿಗೆ
ಎಡಗಿಸೆ ಬಲಕ್ಕ ಹಚ್ಚಿದೆ.
ಕಟಿಂಗ್ ಮಾಸ್ತರ ರಜಾಕ್‌ಸಾಬ ಬೈಲಿಲ್ಲ.
ಬಂಡಲ್ ಮರಿಗೆ ಇಟ್ಟ, ಬ್ಲೇಡು ಕೊಟ್ಟ, ತಾನೂ ಕುಂತ ಬಿಚ್ಚಾಕ.
"ಸೋಮಾರಿ ಅಲ್ಲ ಬೇಟಿ ನೀನು. ನಮ್ಮಕ್ಕನ ಮೊಮ್ಮಗನೂ ಹಿಂಗ ಇದ್ದ.
ಒಬ್ಬ ಡಾಕ್ಟರು ಅದಾರ."

"ಮಗಳಿಗಾ?" ಅಂದ ಚೀಟಿ ಬರಿಯಾಂವ.
"ನನಗ."
ಡಾಕ್ಟರಮ್ಮ ಸಣ್ಣಾಕಿದ್ದಾಗಿನದೆಲ್ಲ ಕೇಳಿದ್ಲು, ಬಿಪಿ ನೋಡಿದ್ಲು,
ಎಡಿಎಚ್‌ಡಿ ಅಂತ ಬರದ್ಲು.
ಗುಳಿಗಿ ಐತಿ, ಬಲವಂತಿಲ್ಲ,
ಹಸಿವು ಸಾಯಬಹುದು, ನಿದ್ದಿ ಹಾರಬಹುದು,
ಸಣ್ಣದರಿಂದ ಶುರು ಮಾಡೂಣು, ಬ್ಯಾಡಾದ್ರ ಬಿಡೂಣು.
"ಯೋಚನಿ ಮಾಡಿ ಹೇಳ್ರಿ."
ನನಗ ಹೇಳ್ತಾಳ, ಯೋಚನಿ ಮಾಡು ಅಂತ!
ಒಂದೇ ಏಟಿಗೆ ಹದಿನಾರು ಮಾಡ್ತೀನಿ ನಾನು.

ಚೀಟಿ ಒಂಬತ್ತು ದಿನ ಕಳದಿತ್ತು.
ಸಿಕ್ಕಿದ್ದು ಫ್ರಿಜ್ಜಿನಾಗ, ಕೊತ್ತಂಬರಿ ಕವರಿನೊಳಗ.
ಮೂರು ಅಂಗಡ್ಯಾಗ ಇಲ್ಲ ಅಂದ್ರು. ನಾಕನೇದಾಂವ
ಚೀಟಿ ನೋಡಿದ, ನನ್ನ ನೋಡಿದ,
ದಪ್ಪ ಬುಕ್ಕಿನಾಗ ಮನಿ ನಂಬರು ಬರಕೊಂಡ.

ತಿಪ್ಪೇಶಿ ಅಂದ: "ಹುಚ್ಚಿನ ಗುಳಿಗಿ ಏನು?"
ನಾದಿನಿ ಅಂದ್ಲು: "ಬದಾಮಿ ನೆನಸಿ ತಿನ್ನು ವೈನಿ."
ನನ್ನ ಅಂಜಿಕಿ ಬ್ಯಾರೇನೇ ಇತ್ತು.
ರಾತ್ರಿ ಎರಡಕ್ಕ ಎದ್ದು ಚಿಂದಿಯೊಳಗ
ನವಿಲುಗರಿ ಗಿಸೆ ಹುಟ್ಟಿಸಿದಾಕಿ ಯಾರು?
ಆಕಿ ಈ ಗುಳಿಗ್ಯಾಗ ಕರಗಿ ಹೋದ್ರ?
ಮನ್ಯಾಗ ಉಳಿಯಾಕಿ ಯಾರು?

ಮಗಳ ಸಲವಾಗಿ ನುಂಗಿದೆ ಅಂದ್ರ ಎಲ್ಲಾರೂ ಒಪ್ತಾರ.
ಆದ್ರ ಅಷ್ಟ ಅಲ್ಲ.
ಈರಮ್ಮ ಪುಕ್ಕಟೆ ಮಾಡ್ತಾಳಲ್ಲ,
ಒಂದು ಹಿಡಿಯೋದು, ಅದನ್ನ ಮುಗಿಸೋದು,
ಅದು ಹೆಂಗಿರ್ತೈತಿ
ಒಂದ್ಸಲ ನೋಡಬೇಕಿತ್ತು ನನಗ.

ಮೊದಲ ದಿನ ಬಾಯಿ ಒಣಗಿತು, ಅಷ್ಟ.
ಎರಡನೇ ವಾರ ಡಾಕ್ಟರಮ್ಮ ಚೂರು ಏರಿಸಿದ್ಲು.
ಬುಧವಾರ ಒಂಬತ್ತಕ್ಕ, ಶೆಡ್ಡಿನಾಗ,
ಫ್ಯಾನಿನ ಸಪ್ಪಳ ಫ್ಯಾನಿಗೆ ಉಳೀತು.
ಅದಿರಿನ ಲಾರಿ ಹೋತು; ಅದರ ಹಿಂದ ನಾನು ಹೋಗಲಿಲ್ಲ.
ಝಿಪ್ಪು, ಕಾಜಾ, ಬೆಲ್ಟು. ಒಂದು ಬಂಡಲ್.
ಎತ್ತಿ ನೋಡಿದೆ. ಹೊಲಗಿ ಹಿಡದಿತ್ತು.
ನಗು ಬರಲಿಲ್ಲ. ಸಿಟ್ಟು ಬಂತು:
ಇಷ್ಟಕ್ಕ ಅಷ್ಟು ಬೆತ್ತ ತಿಂದೆನಾ?

ಮಧ್ಯಾಹ್ನ ಈರಮ್ಮ ಒಗ್ಗರಣಿ, ಮಿರ್ಚಿ ತಂದ್ಲು.
ಹಸಿವಿಲ್ಲ. ಮಿರ್ಚಿ ಆರಿ ಹೋತು.
ಅದೊಂದು ಲುಕ್ಸಾನು, ಬರದು ಇಡ್ರಿ.
ಮೂರೂವರಿಗೆ ದಾರ ಸಡಲಾಗ್ತೈತಿ, ಗೊತ್ತಾಗ್ತೈತಿ ಈಗ.
ಮಿಷಿನ್ ನಿಲ್ಲಿಸಿ ಸಾಲಿ ಕಡೆ ನಡೀತೀನಿ.
ಗುಡ್ಡದ ಮ್ಯಾಲ ಹದ್ದು ಐತಿ.
ಗಿಸೆಗೆ ಹೊಸಾ ಡಿಜೈನ್ ಒಂದು ತಲ್ಯಾಗ ರೆಕ್ಕಿ ಬಡೀತೈತಿ;
ಆಕಿ ಎಲ್ಲೂ ಹೋಗಿಲ್ಲ.

"ಅವ್ವಾ, ಏಳೈದ್ಲಿ?" ಅಂತಾಳ ಸಿಂಚನಾ, ಬೇಕಂತ.
ಮೂವತ್ತೈದು ಅಂತೀನಿ.
ಬೆರಳು ಎಣಿಸಿದ್ದು ಅಕಿಗೆ ಕಾಣಲಿಲ್ಲ.

ಈ ತಿಂಗಳ ಚೀಟಿ ಎಲ್ಲಿಟ್ಟೀನಿ ಅಂತ ಮಾತ್ರ
ಕೇಳಬ್ಯಾಡ್ರಿ.