ದಿನಕ್ಕೆ ಒಂದು ಲೀಟರು

ಪುಣೆಯ ರಾಸ್ತಾ ಪೇಠೆ, ಆಸ್ಪತ್ರೆಯ ನೆಲಮಾಳಿಗೆ.
ಕಿಟಕಿ ಇಲ್ಲ. ಐದು ಯಂತ್ರ, ಐದು ಮಂಚ.
ಮಂಗಳವಾರ, ಶುಕ್ರವಾರ, ನಾಲ್ಕು ನಾಲ್ಕು ತಾಸು
ನಮ್ಮ ನೆತ್ತರು ಹೊರಗೆ ಹೋಗಿ, ತೊಳೆಸಿಕೊಂಡು
ಮನೆಗೆ ಬರುತ್ತದೆ,
ಒಳಗೆ ಬರುವಾಗ ತುಸು ತಣ್ಣಗೆ.

ಬಾಗಿಲ ಹತ್ತಿರ ಪಾಸ್ಕೋಲ್ ಮಿನೇಜಿಸ್,
ಕ್ಯಾಂಪಿನಲ್ಲಿ ನಲವತ್ತು ವರ್ಷ ಪಾವು ಸುಟ್ಟವನು.
ಆಮೇಲೆ ಝೈತೂನ್‌ಬಿ ತಾಂಬೋಳಿ.
ಮೂರರಲ್ಲಿ ಶಲಮೋನ್ ಉಜಗರೆ, ಶಾಲೆಯ ಗುಮಾಸ್ತ,
ಯಾವ ಹಬ್ಬವನ್ನೂ ಮಾಡದ ಕ್ರಿಸ್ತನವನು;
ಬೇರೆಯವರ ರಕ್ತ ಒಂದು ಹನಿಯೂ ಬೇಡವೆಂದು
ಬರೆದುಕೊಟ್ಟ ಚೀಟಿ ಫೈಲಿನ ಮೇಲೆಯೇ ಅಂಟಿದೆ.
ನಾಲ್ಕು, ಪೇಣಕರ್ ಮಾಸ್ತರು, ಬೆನೆ ಇಸ್ರೇಲಿ.
ಐದು ನನ್ನದು: ಜಮಖಂಡಿಯಿಂದ ಬಂದು
ಕಸಬಾ ಪೇಠೆಯಲ್ಲಿ ರೊಟ್ಟಿ ಬಡಿದವಳು.

ಆ ಶುಕ್ರವಾರ ಮಿನೇಜಿಸ್ ಗಡ್ಡ ತೆಗೆಯದೆ ಬಂದ.
ಮೂರು ಗಂಟೆಗೆ ಕಣ್ಣು ಮುಚ್ಚಿ, ಸೂಜಿಯಿಲ್ಲದ ಕೈಯಿಂದ
ಎದೆಯ ಮೇಲೆ ಶಿಲುಬೆ ಗೀಚಿಕೊಂಡು ಅಂದ:
"ಈಗ ಪ್ರಾಣ ಬಿಟ್ಟ, ದೇವರು."

ಉಜಗರೆ ತಲೆ ಎತ್ತಲಿಲ್ಲ. "ದೇವರಲ್ಲ, ದೇವರ ಮಗ.
ತಾನೇ ದೇವರಾಗಿದ್ದರೆ ಹಿಂದಿನ ರಾತ್ರಿ ತೋಟದಲ್ಲಿ
ಮಂಡಿಯೂರಿ ಬೇಡಿಕೊಂಡದ್ದು ಯಾರನ್ನ?"
"ಹಿಟ್ಟು, ನೀರು, ಹುದುಗು. ಬೆಂದ ಮೇಲೆ ಪಾವು ಒಂದೇ.
ಬೇರೆ ಮಾಡಿ ತೋರಿಸು, ನೋಡುವಾ."
"ಬೇಯಿಸಿದವನು ಪಾವಿನೊಳಗೇ ಇರ್ತಾನೇನು?"
ಮಿನೇಜಿಸ್‌ನ ಯಂತ್ರ ಕೂಗಿತು. ಸಿಟ್ಟಿಗೆ ಕೈ ಮಡಚಿದ್ದ.
ನಿಶಿಗಂಧಾ ಓಡಿಬಂದು ಗುಂಡಿ ಒತ್ತಿದಳು:
"ಅಂಕಲ್, ದೇವರು ಆಮೇಲೆ. ಮೊದಲು ಕೈ ನೆಟ್ಟಗೆ."

ನನ್ನ ರೊಟ್ಟಿಗೆ ಹುದುಗೇ ಇಲ್ಲ, ಅಂದೆ ನಾನು, ಸುಮ್ಮನೆ.
"ನಮ್ಮದಕ್ಕೂ ಇಲ್ಲ, ಈ ವಾರವಂತೂ," ಎಂದರು ಪೇಣಕರ್.
"ಹುಡುಗ ನಮ್ಮವನು. ಒಳ್ಳೆ ಮನೆತನ, ಬಡಗಿ ಕೆಲಸ.
ದೇವರೂ ಅಲ್ಲ, ನಾವು ದಾರಿ ಕಾಯೋನೂ ಅಲ್ಲ.
ಇನ್ನೂ ಕಾಯ್ತಾ ಇದ್ದೀವಿ. ನಮಗೆ ಕಾಯೋದು ರೂಢಿ."
ಗಡಿಯಾರ ನೋಡಿದರು. ಇನ್ನೂ ಒಂದು ತಾಸು, ಹತ್ತು ನಿಮಿಷ.

ಝೈತೂನ್‌ಬಿ ಇಷ್ಟು ಹೊತ್ತು ಕೇಳುತ್ತಿದ್ದಳು,
ತನ್ನ ಮಗನ ಮೇಲೆ ಯಾರೋ ಚಾಡಿ ಹೇಳುತ್ತಿರುವ ಹಾಗೆ.
"ಈಸಾನನ್ನ ಕೊಂದರು ಅನ್ನಬೇಡಿ. ಮರ್ಯಮಳ ಮಗ,
ತೊಟ್ಟಿಲಲ್ಲೇ ಮಾತಾಡಿ ತಾಯಿಯ ಮಾನ ಉಳಿಸಿದ ಕೂಸು.
ಅಲ್ಲಾ ಅದನ್ನ ಅವರ ಕೈಗೆ ಬಿಟ್ಟಾನೇ? ಎತ್ತಿಕೊಂಡ.
ಮೊಳೆ ಹೊಡೆದದ್ದು ಬೇರೆ ಯಾರಿಗೋ."

ಆಗ ಐಸು ಬಂತು. ತಲಾ ಎರಡು ತುಂಡು, ಸ್ಟೀಲ್ ಬಟ್ಟಲಲ್ಲಿ.

ನಮ್ಮ ನೀರಡಿಕೆ ನಿಮಗೆ ಗೊತ್ತಿಲ್ಲ.
ದಿನಕ್ಕೆ ಒಂದು ಲೀಟರು. ಚಹಾ, ಸಾರು, ಮಜ್ಜಿಗೆ,
ಗುಳಿಗೆ ನುಂಗುವ ಗುಟುಕು, ಎಲ್ಲ ಅದರೊಳಗೇ.
ಪಕ್ಕದ ಮನೆಯ ನಲ್ಲಿ ಬಿಟ್ಟ ಸದ್ದಿಗೆ
ನಾಲಿಗೆ ಒಣಗಿದ ಚಕ್ಕಳ.
ಕನಸಿನಲ್ಲಿ ಬೇರೇನೂ ಬೀಳುವುದಿಲ್ಲ, ಮಡಕೆ, ಬರೇ ಮಡಕೆ.

ಐಸು ಚೀಪುತ್ತ ಮಿನೇಜಿಸ್ ಅಂದ, ವಾದಕ್ಕಲ್ಲ,
"ಕೊನೆಗೆ ಅವನೂ ನೀರಡಿಕೆ ಅಂದ."
ಯಾರೂ ಮಾತಾಡಲಿಲ್ಲ. ಯಂತ್ರ ತಿರುಗುವ ಸದ್ದು.
"ಕೊಟ್ಟರಾ?" ಕೇಳಿದಳು ಝೈತೂನ್‌ಬಿ.
"ಹುಳಿ. ಕೋಲಿನ ತುದಿಗೆ ಸ್ಪಂಜು ಸಿಕ್ಕಿಸಿ."
"ಹಾಯ್," ಅಂದಳು. ತುಸು ಹೊತ್ತಿಗೆ,
"ಯಾರಾದರೂ ಆಗಿರಲಿ ಅವನು."
ಮತ್ತೆ ತನ್ನ ಎರಡನೆಯ ತುಂಡನ್ನು
ಉಜಗರೆಯ ಬಟ್ಟಲಿಗೆ ಹಾಕಿದಳು.
ಆ ವಾರ ಅವನ ತುಟಿ ಸುಣ್ಣದಂತೆ ಬೆಳ್ಳಗಿತ್ತು.
ಅದನ್ನು ಅವನು ಬೇಡ ಅನ್ನಲಿಲ್ಲ.

ರಾತ್ರಿ ಮನೆಯಲ್ಲಿ ಕರಡಿಗೆ ತೆರೆದೆ.
ಅಂಗೈಯಲ್ಲಿ ಲಿಂಗ. ಡಾಕ್ಟರು ಒಮ್ಮೆ, ನಗದೆ, ಕೇಳಿದ್ದರು:
ಪಾದೋದಕವನ್ನೂ ಲೆಕ್ಕಕ್ಕೆ ಹಿಡಿಯುತ್ತೀರಾ?
ಹಿಡಿಯುತ್ತೇನೆ. ಎರಡು ಚಮಚ.
ಒಂದನ್ನು ಎರೆದೆ, ಕುಡಿದೆ.
ಇನ್ನೊಂದನ್ನು ಹಿಡಿದು ಕೂತೆ.
ತೋಳಿನ ನರ ಬೆಕ್ಕಿನ ಮರಿಯ ಹಾಗೆ ಗುರುಗುಟ್ಟುತ್ತಿತ್ತು,
ಚಮಚದ ಅಂಚಿನಲ್ಲಿ ನೀರು ನಡುಗುತ್ತಿತ್ತು,
ಅದು ಯಾರ ಲೆಕ್ಕದ್ದೆಂದು ತಿಳಿಯದೆ.