ಹದಿನೇಳನೇ ಸಾಲು

ಚಳಿಯೂ ನೀರಿನ ಜಾತಿಯೇ, ತಗ್ಗು ಹುಡುಕಿ ಇಳಿಯುತ್ತದೆ.
ಅದಕ್ಕೇ ಮಕ್ಕಿಗದ್ದೆ ಬಿಟ್ಟು
ರಿಪ್ಪನ್‌ಪೇಟೆಯಾಚೆ ಈ ಬೈಲುಗದ್ದೆ ಹಿಡಿದೆವು.
ಭತ್ತ ಕೊಯ್ದ ಕೂಳೆಯ ನಡುವೆ
ಇಪ್ಪತ್ತನಾಲ್ಕು ಸಾಲು ಅಲಸಂದೆ,
ಸಾಲಿಗೊಂದು ತಗಡಿನ ಚೀಟಿ. ಹೆಸರಿಲ್ಲ, ನಂಬರು ಮಾತ್ರ.

ಬೆಳಗಿನ ಐದಕ್ಕೆ ಬ್ಯಾಟರಿ ಹಿಡಿದು
ಮಂಡಿಯೂರಿ ಥರ್ಮಾಮೀಟರು ಓದುತ್ತೇನೆ.
ಹನ್ನೊಂದು. ಒಂಬತ್ತೂವರೆ.
ಸಂಕ್ರಾಂತಿಯ ಮಾರನೇ ದಿನ ಏಳು.
ಉಗುರು ನೀಲಿಯಾದಷ್ಟೂ ಒಳಗೊಳಗೇ ಖುಷಿ:
ಇಳಿ, ಇನ್ನೊಂದು ಡಿಗ್ರಿ, ಇನ್ನೊಂದೇ ಒಂದು.
ಬೆಳೆ ಸಾಯಲಿ ಎಂದು ಕಾಯುವ ಕೆಲಸಕ್ಕೆ
ನನಗೆ ತಿಂಗಳ ಸಂಬಳ.

ಕೆರಿಯಮ್ಮನಿಗೆ ಇದನ್ನು ಬಿತ್ತುವಾಗಲೇ ಹೇಳಿದ್ದೆ.
ಎಲೆಗೆ ಸುಣ್ಣ ಸವರುತ್ತ ತಲೆಯಾಡಿಸಿದ್ದಳು.

ತಿಂಗಳ ಕೊನೆಗೆ ಎಣಿಕೆ. ಹೂವೆಲ್ಲ ನೆಲದ ಮೇಲೆ,
ತೊಟ್ಟು ಖಾಲಿ, ಎಲೆಯಂಚು ಬೀಡಿ ತಾಗಿದ ಹಾಗೆ ಕಂದು.
ಹದಿನೇಳರಲ್ಲಿ ಮಾತ್ರ
ಎಳೆಗಾಯಿ, ಜೋಡಿ ಜೋಡಿ, ನೆಲಕ್ಕೆ ಬೆರಳು ಚಾಚಿ!
ಶಿವಮೊಗ್ಗಕ್ಕೆ ಫೋನು ಮಾಡಬೇಕು,
ಸಿಗ್ನಲಿಗಾಗಿ ಧರೆ ಹತ್ತಿದೆ.
ಮೇಲಿನಿಂದ ಕಂಡಿತು:
ಗದ್ದೆಯಂಚಿನಲ್ಲಿ ಒಣಗಹಾಕಿದ ಗೋಣಿಚೀಲಗಳು
ಒಂದರ ಪಕ್ಕ ಒಂದು, ಇಬ್ಬನಿಗೆ ತೊಯ್ದು,
ಸರಿಯಾಗಿ ಒಂದು ಸಾಲಿನಷ್ಟು ಉದ್ದ.

"ಅದೇ ಮೊದ್ಲು ಹೂ ಬಿಟ್ಟಿದ್ದು," ಅಂದಳು, ನನ್ನನ್ನು ನೋಡದೆ,
"ಚೊಚ್ಚಲ ಬಸುರೀನ ಈ ಚಳೀಲಿ ಹೊರಗೆ ಮಲಗಿಸ್ತಾರೇನ್ರೀ?"

ಬೈಯಲು ಬಾಯಿ ತೆರೆದೆ. ಹಬೆ ಮಾತ್ರ ಬಂತು.

ಹದಿನೇಳಕ್ಕೆ ಅಡ್ಡಗೆರೆ ಎಳೆದೆ. ಷರಾ ಕಾಲಮಿನಲ್ಲಿ
ಏನು ಬರೆಯುವುದು? 'ಗೋಣಿ' ಎಂದು ಬರೆದು ಬಿಟ್ಟೆ.

ಆಮೇಲೆ, ಇನ್ನೊಮ್ಮೆ ಬಗ್ಗಿ ಹೋಗುವಾಗ,
ಆರನೇ ಸಾಲಿನಲ್ಲಿ, ಯಾರೂ ಹೊದಿಸದ ಕಡೆ,
ಒಂದು ಗಿಡ. ಕುಳ್ಳು. ಅರ್ಧ ಎಲೆ ಉದುರಿಸಿಕೊಂಡು
ಒಂದೇ ಕಾಯಿ ಹಿಡಿದು ನಿಂತಿತ್ತು, ಸೊಟ್ಟಗೆ,
ದೋಟಿಯ ಕೊಕ್ಕೆಯ ಹಾಗೆ.
ಇದನ್ನು ನಾನಾದರೆ ದಾಟಿಯೇ ಹೋಗುತ್ತಿದ್ದೆ.
ಕೆರಿಯಮ್ಮ ಸೆರಗಿನ ನೂಲು ಕಿತ್ತು
ಬುಡಕ್ಕೆ ಕಟ್ಟಿದಳು, ಗುರುತಿಗೆ.
"ಇದ್ಕೆ ನಾನೇನೂ ಹೊದ್ಸಿಲ್ಲ, ಆಣೆ," ಅಂದಳು.

ಒಣಗಿದ ಮೇಲೆ ಸುಲಿದರೆ ಐದು ಕಾಳು, ಒಂದು ಜೊಳ್ಳು.
ನಾಲ್ಕನ್ನು ಲಕೋಟೆಗೆ ಹಾಕಿ ತಾರೀಕು ಬರೆದೆ.
ಬರುವ ಪುಷ್ಯಕ್ಕೆ ಮತ್ತೆ ಇದೇ ತಗ್ಗು,
ಇವುಗಳ ಮೇಲೆ ಬರೀ ಆಕಾಶ.

ಹದಿನೇಳು ಆವತ್ತೇ ಪಲ್ಯವಾಗಿತ್ತು.
ಎರಡು ಸಲ ಬಡಿಸಿಕೊಂಡಿದ್ದೆ.